ಹಲಸಿನ ಮರಕ್ಕೆ ಕಟ್ಟಿದ ಕಿವಿ

ಕೂಸಪ್ಪನ ಬಾಯಿಂದ ಒಂದು ಕೆಟ್ಟ ಮಾತು ಬಂದದ್ದನ್ನು ಕೇಳಿದವರಿಲ್ಲ ಎಂದು ಚೆಟ್ಟಳ್ಳಿ ಕಡೆ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆ ಕೂಸಪ್ಪ ನಾನೇ. ಈಗ ಹೋಗಿ ಕೇಳಬೇಡಿ. ಈಗ ಕೇಳಿಸಿಕೊಳ್ಳದವರೇ ಉಳಿದಿಲ್ಲ, ಅದೂ ಧ್ವನಿವರ್ಧಕದಲ್ಲಿ.

ಒಳ್ಳೆಯವನೆಂಬ ಹೆಸರು ಪುಕ್ಕಟೆ ಬರುವುದಿಲ್ಲ ಸ್ವಾಮಿ. ಅಣ್ಣತಮ್ಮಂದಿರ ಬೇಲಿ ಜಗಳ ಬಿಡಿಸುವುದಕ್ಕೆ ನಾನೇ ಬೇಕಿತ್ತು. ಮದುವೆಮನೆಯಲ್ಲಿ ಮುನಿಸಿಕೊಂಡು ಹೊರಟ ಬೀಗರನ್ನು ಕೈಹಿಡಿದು ಊಟಕ್ಕೆ ಕೂರಿಸುವುದಕ್ಕೂ ನಾನೇ. ಎದುರಿನವನು ಎಂಥ ಕತ್ತೆಯಾದರೂ "ನೀವು ಹೇಳುದ್ರಲ್ಲೂ ನ್ಯಾಯ ಉಂಟು ಅಣ್ಣ" ಎಂದು ನಗುತ್ತಿದ್ದೆ. ಹಾಗೆ ನಕ್ಕಾಗ ನನ್ನ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಒಂದು ನರಪಿಳ್ಳೆಯೂ ವಿಚಾರಿಸಿದ್ದಿಲ್ಲ.

ಹೊಟ್ಟೆಗೆ ನಾನೇ ಒಂದು ದಾರಿ ಮಾಡಿಕೊಂಡಿದ್ದೆ. ಸಂಜೆ "ತೋಟ ಒಂದ್ ಸುತ್ತ್ ನೋಡಿಕಂಡ್ ಬನ್ನೆ" ಎಂದು ಹೆಂಡತಿ ಪ್ರೇಮಾವತಿಗೆ ಹೇಳಿ ತೋಟದ ಕೆಳತುದಿಗೆ ಇಳಿಯುತ್ತಿದ್ದೆ. ಅಲ್ಲೊಂದು ಹಳೆಯ ಹಲಸಿನ ಮರ. ಅದರ ಬುಡದಲ್ಲಿ ನಿಂತು, ಹೊಟ್ಟೆಯ ತಳದಿಂದ ಗಂಟಲು ಸರಿಮಾಡಿಕೊಂಡು, ಆ ದಿನ ಯಾರ್ಯಾರ ಮುಂದೆ ನಕ್ಕಿದ್ದೆನೋ ಅವರನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದೆ. ಪೇಟೆಯ ಪೊಳ್ಳು ಬೈಗುಳವಲ್ಲ, ಕಾಫಿ ಬೆಳೆಗಾರನ ಬೈಗುಳ. ನಿನ್ನ ಬುಡಕ್ಕೆ ಕಾಂಡ ಕೊರೆಯುವ ಬೋರರ್ ಹುಳ ಬೀಳಲಿ. ನಿನ್ನ ಗಿಡ ಮೊಗ್ಗಾದಾಗ ಹೂಮಳೆ ಪಕ್ಕದವನ ತೋಟಕ್ಕೆ ಹೋಗಲಿ. ನೀನು ಕಣದಲ್ಲಿ ಒಣಗಲು ಹಾಕಿದ್ದೆಲ್ಲ ಮೊಳಕೆ ಒಡೆಯಲಿ. ನಡುವೆ ಸ್ಫೂರ್ತಿ ಬಂದರೆ ಮರಕ್ಕೆ ಒದೆಯುತ್ತಿದ್ದೆ, ಒಣಕೊಂಬೆ ಮುರಿದು ನೆಲಕ್ಕೆ ಬಡಿಯುತ್ತಿದ್ದೆ. ಮನೆಗೆ ಹತ್ತಿ ಬರುವಾಗ ಹೊಟ್ಟೆ ಹಗುರ, ಮುಖದಲ್ಲಿ ಮತ್ತೆ ನಗು. ನನ್ನ ಬಿಪಿ ನೋಡಿ ಖುಷಿಯಾದ ಡಾಕ್ಟರು ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದಾಗ ಹಲಸು ಎಂದಿದ್ದೆ. ಅವರು ಅದನ್ನು ಬೇರೆ ರೋಗಿಗಳಿಗೂ ಹೇಳಿದರಂತೆ.

ಈ ಲೋಕದಲ್ಲಿ ನನ್ನದು ಎಂದು ನನಗಿದ್ದ ಜಾಗ ಅದೊಂದೇ. ಅಲ್ಲಿಗೂ ಬಂದರು.

ನಮ್ಮೂರಿನ ಆನೆ ಎಚ್ಚರಿಕೆ ಸಮಿತಿಗೆ ಬೆಳ್ಳಿಯಪ್ಪ ಅಧ್ಯಕ್ಷ. ಯಾವ ಸಮಿತಿಗೂ ಅವನೇ ಅಧ್ಯಕ್ಷ. ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಒಂದು ದಿನ ಜೀಪಿನಿಂದ ಇಳಿದು ಬಂದು ಮೊಬೈಲನ್ನು ನನ್ನ ಮೂಗಿನ ಕೆಳಗೆ ಹಿಡಿದ.

"ಇಲ್ಲಿ ಒಂದು ಒತ್ತಿ ಕೂಸಪ್ಪಣ್ಣ."

"ಎಂಥದ್ದು ಇದು?"

"ಆನೆ ಕಿವಿ ಮಾರಾಯ. ಮರಕ್ಕೆ ಕಟ್ಟುವ ಡಬ್ಬ. ಕಂಪನಿಯವರು ಊರಿನ ಎಲ್ಲ ತೋಟಕ್ಕೂ ಸುಮ್ಮನೆ ಕೊಡ್ತಾ ಇದ್ದಾರೆ. ಆನೆ ಗುಟುರು ಹಾಕಿದ್ರೆ, ಕೊಂಬೆ ಮುರಿದ್ರೆ, ಡಬ್ಬ ಕೇಳಿಸಿಕೊಂಡು ಊರಿನವರ ಫೋನಿಗೆಲ್ಲ ಹೇಳ್ತದೆ."

"ಮನುಷ್ಯರ ಮಾತೂ ಕೇಳ್ತದಾ?"

"ನಮ್ಮ ಮಾತನ್ನ ನಮ್ಮ ಹೆಂಡತೀರೇ ಕೇಳುದಿಲ್ಲ, ಡಬ್ಬಕ್ಕೆಂಥ ಗ್ರಹಚಾರ?"

ಪರದೆಯ ಮೇಲೆ ಅಕ್ಷರಗಳು ಇರುವೆಸಾಲಿನಂತೆ ಮುಗಿಯದೆ ಹರಿಯುತ್ತಿದ್ದವು. ಎಲ್ಲದರ ತಳದಲ್ಲಿ 'ಒಪ್ಪಿದೆ' ಎಂದಿತ್ತು. ಒಪ್ಪದವನು ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ. ತಿಳಿದಿದ್ದರೂ ಒಳ್ಳೆಯವನಾದ ನಾನು ಒತ್ತುವವನಲ್ಲ. ಒಪ್ಪಿದೆ ಎಂದು ಒತ್ತಿ, ತೋಟದ ಕೆಳಗಡೆ ಎಲ್ಲಿ ಬೇಕಾದರೂ ಕಟ್ಟಿಕೊಳ್ಳಿ ಎಂದು ನಕ್ಕೆ. ನಾನು ಮಡಿಕೇರಿಗೆ ಒಂದು ಮದುವೆಗೆ ಹೋಗಿದ್ದ ದಿನ ಬಂದು ಮೊಳೆ ಹೊಡೆದು ಕಟ್ಟಿದರು. ಡಬ್ಬಕ್ಕೆ ಹಸುರು ಬಣ್ಣ. ಎಲೆಗಳ ನಡುವೆ ಎತ್ತರದಲ್ಲಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಗಡಿಯ ಸಿಲ್ವರ್ ಓಕ್ ಮರಕ್ಕೆ ಕಟ್ಟಿರಬೇಕೆಂದು ನಾನು ಹುಡುಕಲಿಕ್ಕೂ ಹೋಗಲಿಲ್ಲ. ಹಲಸಿನ ಮರಕ್ಕೇ ಕಟ್ಟಿದ್ದರು. ಆನೆಗೆ ಹಲಸೆಂದರೆ ಪ್ರಾಣ ಎಂದು ಅವರ ಲೆಕ್ಕ.

ಮದುವೆಮನೆಯಿಂದ ಬಂದವನ ಹೊಟ್ಟೆ ಕೇಳಬೇಕೇ? ಬಸ್ಸಿಳಿದವನು ನೇರ ಮರದ ಬುಡಕ್ಕೆ ಹೋಗಿ ಬೆಳ್ಳಿಯಪ್ಪನಿಂದ ಶುರುಮಾಡಿ ಮನಸ್ಸು ತಣಿಯುವಷ್ಟು ಬೈದು ಮನೆಗೆ ಬಂದೆ. ಪ್ರೇಮಾವತಿ ಅಂಗಳದಲ್ಲೇ ನಿಂತಿದ್ದಳು. ಅವಳ ಕೈಯ ಮೊಬೈಲಿನಲ್ಲಿ ಒಬ್ಬಳು ಹೆಂಗಸು ಮದುವೆಗೆ ಕರೆಯುವ ಧಾಟಿಯಲ್ಲಿ ಹೇಳುತ್ತಿದ್ದಳು: "ಎಚ್ಚರಿಕೆ. ಕೂಸಪ್ಪನವರ ತೋಟದ ಕೆಳಭಾಗದಲ್ಲಿ ಕೋಪಗೊಂಡ ಒಂಟಿ ಆನೆ."

"ನೀವು ಎಲ್ಲಿ ಇದ್ದದ್ದ್?" ಎಂದಳು ಪ್ರೇಮಾವತಿ.

"ಅಲ್ಲೇ" ಎಂದೆ. ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬಂದಿದ್ದೇನೆ ಎಂದು ಗೊತ್ತಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆವು. ನನ್ನಿಂದ ನನ್ನನ್ನೇ ಕಾಪಾಡಿದ್ದಕ್ಕೆ ದೀಪ ಹಚ್ಚಿಸಿಕೊಂಡ ದೇವರು ಆ ದಿನ ಎಷ್ಟು ನಕ್ಕಿರಬೇಕು.

ಬೆಳಿಗ್ಗೆ ಕುಯ್ಲಿನ ಹೆಂಗಸರು ತೋಟಕ್ಕೆ ಇಳಿಯಲಿಲ್ಲ. ಅವರ ಮೇಸ್ತ್ರಿ ಸೋಮಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು.

"ಆನೆ ತುಳಿದ್ರೆ ನೀವು ಬಂದು ನಗ್ತೀರಿ ಅಯ್ಯ, ಅಷ್ಟೇ. ನಂಗೆ ಹೋದ ಜೀವ ವಾಪಸ್ ಬರ್ತದಾ?"

"ನೀನು ಹೇಳುದ್ರಲ್ಲೂ ನ್ಯಾಯ ಉಂಟು ಸೋಮಿ" ಎಂದು ನಕ್ಕೆ. ಕಣ್ಣೆದುರಿಗೇ ಹಣ್ಣು ಕಪ್ಪಾಗಿ ಉದುರುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು. ಉರಿದರೆ ಎಲ್ಲಿಗೆ ಹೋಗಬೇಕು? ಸಂಜೆ ಪ್ರಾಣ ಕೈಯಲ್ಲಿ ಹಿಡಿದುಕೊಂಡು ಮರದ ಹತ್ತಿರ ಹೋದೆ. ಆನೆ ಇರಲಿಲ್ಲ. ಸೋಮಿಯನ್ನು ಬೈದೆ, ಆ ಮೇಲೆ ಆನೆಯನ್ನೂ ಅದರ ವಂಶವನ್ನೂ ಬೈದೆ. ಹತ್ತಿ ಬರುವಾಗ ಊರಿನ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಈ ಸಲ 'ಅತಿಯಾಗಿ ಕೋಪಗೊಂಡ' ಆನೆ.

ದಿನ ಹೋದಂತೆ ನಾನು ಬೈಯುವುದು ಹೆಚ್ಚಿತು, ಆನೆಯ ಕೋಪವೂ ಹೆಚ್ಚಿತು. ಒಂದು ಇನ್ನೊಂದಕ್ಕೆ ಸಂಬಂಧಪಟ್ಟದ್ದೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ನಾನು ಅಲ್ಲಿರುವಷ್ಟು ಹೊತ್ತು ಅದು ಅಡಗಿರುತ್ತದೆ, ನಾನು ಬಂದೊಡನೆ ಹೊರಗೆ ಬರುತ್ತದೆ ಎಂದುಕೊಂಡೆ. ಶಾಲೆಯ ವ್ಯಾನು ನಮ್ಮ ತಿರುವಿಗೆ ಬರುವುದನ್ನು ನಿಲ್ಲಿಸಿತು. ಊರಲ್ಲಿ ಆನೆಗೆ ಒಂದು ಹೆಸರು ಬೇಕಲ್ಲ, ಮೊದಲು 'ಕೂಸಪ್ಪನ ಆನೆ' ಎಂದರು, ಆ ಮೇಲೆ ಉದ್ದವಾಯಿತೆಂದು ಬರೀ 'ಕೂಸಪ್ಪ' ಎಂದರು. ಹಾಲಿನ ಡೇರಿಯ ಮುಂದೆ ನಾನು ನಿಂತಿರುವಾಗಲೇ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: "ಕೂಸಪ್ಪಂಗೆ ತಲೆ ಕೆಟ್ಟಿದೆಯಂತೆ. ಹಿಡಿದು ಸರಪಳಿ ಹಾಕಿ ಕಾಡಿಗೆ ಬಿಡ್ತಾರಂತೆ." ನಾನು ಹಾಲು ಕೊಟ್ಟು ನಗುತ್ತ ಬಂದೆ.

ಇಲಾಖೆಯಿಂದ ಮಂಜೇಶ್ ಬಂದ. ಸೋಮವಾರಪೇಟೆ ಕಡೆಯ ಹುರಿಯಾಳು, ಅರಣ್ಯ ರಕ್ಷಕ. ಮರದ ಸುತ್ತ ಬಗ್ಗಿ ಬಗ್ಗಿ ನೋಡಿ ಸೊಂಟ ಹಿಡಿದುಕೊಂಡು ಎದ್ದ.

"ಏನ್ರೀ ಕೂಸಪ್ನೋರೇ, ಲದ್ದಿ ಇಲ್ಲ, ಹೆಜ್ಜೆ ಇಲ್ಲ. ಬರೀ ಸಿಟ್ಟು ಐತೆ."

"ಬರೀ ಸಿಟ್ಟಿನ ಆನೆ ಇರ್ತದಾ?"

"ನನ್ ಸರ್ವಿಸಲ್ಲೇ ನೋಡಿಲ್ಲ ಕಣ್ರೀ. ಭಾರಿ ಡೇಂಜರ್ ಇರ್ಬೇಕು."

ಡೇಂಜರೆಂದು ತೀರ್ಮಾನವಾದ ಮೇಲೆ ಪಟಾಕಿ ಹೊಡೆದರು. ಆನೆ ಓಡಲಿಲ್ಲ, ಇರದ ಆನೆ ಎಲ್ಲಿಗೆ ಓಡಬೇಕು. ಉಳಿದಿದ್ದ ಹಣ್ಣು ಉದುರಿತು. ಅಂದಿನ ಸಂಜೆ ನಾನು ಮಂಜೇಶನನ್ನು ಬೈದ ಬೈಗುಳ ನನ್ನ ಜೀವಮಾನದಲ್ಲೇ ಶ್ರೇಷ್ಠವಾದದ್ದು. ಡಬ್ಬ ಅದನ್ನು ಕೇಳಿ 'ಮದವೇರಿದ ಆನೆ, ಯಾರೂ ಹೊರಗೆ ಬರಬೇಡಿ' ಎಂದು ತೀರ್ಪು ಕೊಟ್ಟಿತು. ಆನೆಯನ್ನು ಹಿಡಿಯಲೇಬೇಕೆಂದು ಬೆಳ್ಳಿಯಪ್ಪ ಭಾನುವಾರ ಸಮುದಾಯ ಭವನದಲ್ಲಿ ಸಭೆ ಕರೆದ.

ಸಭೆಗೆ ಊರಿಗೆ ಊರೇ ಬಂದಿತ್ತು. ಬೆಲ್ಲದ ಕಾಫಿ ಡ್ರಮ್ಮಿನಲ್ಲಿ ಹೊಗೆಯಾಡುತ್ತಿತ್ತು. ಮಂಜೇಶ್ ಹೇಳಿದ, ಹಿಡಿಯುವುದಕ್ಕೆ ಮೇಲಿನವರ ಅಪ್ಪಣೆ ಬೇಕು, ಅಪ್ಪಣೆಗೆ ಮದ ಬಂದಿರುವುದು ಖಾತ್ರಿಯಾಗಬೇಕು. ಆಗ ಕಂಪನಿಯ ಪ್ರಜ್ಞೇಶ್ ಎದ್ದು ನಿಂತ. ಡಬ್ಬಗಳನ್ನು ಕಟ್ಟಿಸಿದ ಮಹಾನುಭಾವ ಅವನೇ.

"ನೋ ಪ್ರಾಬ್ಲಮ್ ಸರ್, ಎಲ್ಲ ರೆಕಾರ್ಡ್ ಆಗಿದೆ. ನಾವು ಯಾರೂ ಕೇಳಲ್ಲ, ಮಷೀನೇ ಕೇಳಿ ಡಿಸೈಡ್ ಮಾಡೋದು. ಬೇಕಂದ್ರೆ ಪ್ಲೇ ಮಾಡ್ತೀನಿ."

ಮೊಬೈಲನ್ನು ಧ್ವನಿವರ್ಧಕಕ್ಕೆ ಸೇರಿಸಿದ. ನಾನು ಮುಂದಿನ ಸಾಲಿನಲ್ಲಿ, ಮಾಲೀಕನ ಗೌರವದಲ್ಲಿ ಕುಳಿತಿದ್ದೆ.

ಮೊದಲು "ಹೂಂಂಂಂ" ಎಂದು ಸದ್ದು ಬಂತು. ಮಕ್ಕಳು ತಾಯಂದಿರನ್ನು ತಬ್ಬಿಕೊಂಡವು. "ಮದ, ಮದ" ಎಂದ ಬೆಳ್ಳಿಯಪ್ಪ. ಆ ಗಂಟಲನ್ನು ಎಲ್ಲಿಯೋ ಕೇಳಿದ್ದೇನಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ ಆನೆ ಮಾತಾಡಿತು.

"ಬೆಳ್ಳಿಯಪ್ಪಾ."

ಆನೆಯ ಬಾಯಲ್ಲಿ ತಮ್ಮ ಅಧ್ಯಕ್ಷನ ಹೆಸರು ಕೇಳಿ ಸಭೆಗೆ ಒಂದು ಕ್ಷಣ ಹೆಮ್ಮೆಯೇ ಆಯಿತು.

"ಬೆಳ್ಳಿಯಪ್ಪಾ, ಸತ್ತ ಮೇಲೆ ಸುಡುಗಾಡಲ್ಲೂ ನೀನು ಒಂದು ಸಮಿತಿ ಮಾಡ್ತಿ. ಹೆಣಗಳಿಗೆಲ್ಲ ಅಧ್ಯಕ್ಷ ಆಗ್ತಿ. ನಿನ್ನ ಕುರ್ಚಿಗೆ ಗೆದ್ದಲು ಹತ್ತಲಿ, ನಿನ್ನ ಬುಡಕ್ಕೆ ಬೋರರ್ ಬೀಳಲಿ."

ಆ ಗಂಟಲು ನನ್ನದೇ. ಪ್ರಜ್ಞೇಶನ ಬೆರಳು ನಿಲ್ಲಿಸಲು ಹೋಗಿ ಮುಂದಕ್ಕೆ ಜಾರಿತು.

"ಸೋಮೀ, ನಿನ್ನ ಬಾಯಿ ನಡೆದಷ್ಟು ಕೈ ನಡೆದಿದ್ರೆ ಇಡೀ ಕೊಡಗಿನ ಕಾಫಿ ಇಷ್ಟು ಹೊತ್ತಿಗೆ ಮೂಟೆಯಲ್ಲಿರ್ತಿತ್ತು."

ಸೋಮಿ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಮಂಜೇಶಾ, ಆನೆ ಹೆಸರು ಹೇಳಿ ನನ್ನ ತೋಟ ಉದುರಿಸಿದೆಯಲ್ಲೋ. ಆ ಪಟಾಕಿ ನಿನ್ನ ಪ್ಯಾಂಟಿನ ಜೇಬಲ್ಲೇ ಸಿಡೀಲಿ."

ಮಂಜೇಶ್ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಇದು ಆನೆ ಅಲ್ಲ ಬಿಡ್ರಿ" ಎಂದ.

ಇಡೀ ಭವನ ನನ್ನ ಕಡೆ ತಿರುಗಿತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಮಿಲಿಟರಿಯಿಂದ ನಿವೃತ್ತನಾದ ನಾಣಯ್ಯ ಮಾತ್ರ ಬೇರೆಯದೇ ಸಂಕಟದಲ್ಲಿದ್ದ. "ನನ್ನ ಹೆಸರು ಬರಲೇ ಇಲ್ಲವಲ್ಲ ಕೂಸಪ್ಪ? ನಾನೇನು ಲೆಕ್ಕಕ್ಕಿಲ್ಲವಾ?" ಎಂದು ಕೇಳಿದ.

ಅಷ್ಟರಲ್ಲಿ ಧ್ವನಿವರ್ಧಕ ಉಸಿರೆಳೆದುಕೊಂಡಿತು. "ಪ್ರೇಮಾ" ಎಂದಿತು.

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಜ್ಞೇಶ್ ಈ ಸಲ ಸರಿಯಾಗಿ ನಿಲ್ಲಿಸಿದ. ಬೆಳ್ಳಿಯಪ್ಪನ ಮುಖ ಹಣ್ಣುಕಾಫಿಯಷ್ಟು ಕೆಂಪಾಗಿತ್ತು. "ನಿಲ್ಲಿಸಬೇಡ. ಹಾಕು" ಎಂದ. "ಎಲ್ಲರ ಮರ್ಯಾದೆ ಹೋಗಿದೆ. ಅವನ ಹೆಂಡತಿಗೂ ತಿಳೀಲಿ ಇವನೆಂಥ ಸಾಧು ಅಂತ."

ಪ್ರೇಮಾವತಿ ಎದ್ದಳು. ಓಡಲಿಲ್ಲ, ಕೂಗಲಿಲ್ಲ. ನಡೆದು ಬಂದು ಪ್ರಜ್ಞೇಶನ ಕೈಯಿಂದ ಮೊಬೈಲು ಕಿತ್ತುಕೊಂಡು, ಕಾಫಿ ಡ್ರಮ್ಮಿನ ಮುಚ್ಚಳ ಸರಿಸಿ, ಒಳಗೆ ಬಿಟ್ಟು, ಮತ್ತೆ ಮುಚ್ಚಳ ಹಾಕಿದಳು.

"ಇವ್ರು ಆ ಮರದ ಹತ್ರ ಬೈತಾರೆ ಅಂತ ನಂಗೆ ಮದುವೆ ಆದ ವರ್ಷವೇ ಗೊತ್ತು" ಎಂದಳು.

ನನಗೆ ಗೊತ್ತಿರಲಿಲ್ಲ ಅವಳಿಗೆ ಗೊತ್ತಿದೆ ಎಂದು.

"ನನ್ನನ್ನೂ ಬೈತಾರೆ ಅಂತಲೂ ಗೊತ್ತು. ಬೈಲಿ. ದನ ತಪ್ಪಿಸಿಕೊಂಡು ಆ ಕಡೆ ಹೋದ್ರೂ ಇವ್ರು ಮೇಲೆ ಬಂದಮೇಲೇ ನಾನು ಹುಡುಕೋಕೆ ಇಳಿದದ್ದು. ನಾನು ಅಡುಗೆಮನೇಲಿ ಪಾತ್ರೆಗಳ ಹತ್ರ ಹೇಳುದನ್ನ ಇವ್ರೂ ಬಾಗಿಲಿಗೆ ಕಿವಿ ಕೊಟ್ಟು ಕೇಳಿದವರಲ್ಲ. ಹಾಗೇ ಸಂಸಾರ ಮಾಡಿದ್ದು ನಾವು. ಕಟ್ಟಿಕೊಂಡ ನಾನೇ ಕೇಳದ್ದನ್ನ ಕೇಳೋಕೆ ನಿಮ್ಗೆ ಯಾರು ಹೇಳಿದ್ದು ಬೆಳ್ಳಿಯಪ್ಪಣ್ಣ?"

ಉತ್ತರ ಕೊಟ್ಟವನು ಪ್ರಜ್ಞೇಶ್, ಅದೂ ಸಮಾಧಾನ ಮಾಡುವ ಧಾಟಿಯಲ್ಲಿ.

"ಆಂಟಿ, ಟೆನ್ಷನ್ ಮಾಡ್ಕೋಬೇಡಿ. ಫೋನ್ ಹೋದ್ರೂ ಡೇಟಾ ಎಲ್ಲ ಕ್ಲೌಡಲ್ಲಿ ಸೇಫಾಗಿದೆ. ಅಂಕಲ್ ಒಪ್ಪಿಗೇನೂ ಕೊಟ್ಟಿದ್ದಾರೆ."

"ಎಲ್ಲಿದೆ?" ಎಂದೆ ನಾನು.

"ಮೇಲೆ ಅಂಕಲ್. ಸರ್ವರಲ್ಲಿ. ಆ್ಯಕ್ಚುಲಿ ನಿಮ್ಮದೇ ನಮ್ಮ ಬೆಸ್ಟ್ ಸ್ಯಾಂಪಲ್. ಆನೆ ಸಿಟ್ಟು ಅಂದ್ರೆ ಹೇಗಿರುತ್ತೆ ಅಂತ ಬೇರೆ ಜಿಲ್ಲೆ ಡಬ್ಬಗಳಿಗೂ ನಿಮ್ಮ ವಾಯ್ಸಿಂದಾನೇ ಕಲಿಸಿದ್ದೀವಿ."

ಅಂದರೆ ಎಲ್ಲೋ ಘಟ್ಟದ ಆ ಕಡೆ ಯಾವನೋ ಪಾಪದವನು ತನ್ನ ಬೇಲಿಯ ಹತ್ತಿರ ಗಂಟಲು ಸರಿಮಾಡಿಕೊಂಡರೆ ಅವನ ಊರಿಗೂ ಆನೆ ಬರುತ್ತದೆ. ನನ್ನ ಹೊಟ್ಟೆ ತುಂಬಿತು. ಮರ ದೂರ ಇತ್ತು. ತಡೆಯಲಾಗಲಿಲ್ಲ.

"ಒಪ್ಪಿಗೆ ಕೊಟ್ಟದ್ದು ಆನೆಗೆ" ಎಂದೆ. ನನ್ನ ಆ ಗಂಟಲನ್ನು ಊರು ಧ್ವನಿವರ್ಧಕವಿಲ್ಲದೆ ಕೇಳಿದ್ದು ಅದೇ ಮೊದಲು. "ನನ್ನ ತೋಟ, ನನ್ನ ಮರ, ನನ್ನ ಬಾಯಿ. ಎದುರಿಗೆ ಬಂದು ನಿಮ್ಮಲ್ಲಿ ಯಾರನ್ನಾದ್ರೂ ಒಂದು ದಿನ ಬೈದಿದ್ದೇನಾ? ನಿಮ್ಮ ಜಗಳ ಬಿಡಿಸಿದೆ, ನಿಮ್ಮ ಬೀಗರ ಕಾಲು ಹಿಡಿದೆ, ನಿಮ್ಮ ಕಸ ಎಲ್ಲ ನುಂಗಿ ಕೆಳಗೆ ಹೋಗಿ ಮರದ ಬುಡಕ್ಕೆ ಕಕ್ಕಿ ಬಂದೆ. ನನ್ನ ಹೊಟ್ಟೆ ಬಗೆದು ನೋಡಿದವರು ನೀವು, ಅಲ್ಲಿ ಕಂಡದ್ದು ಚಂದ ಇಲ್ಲ ಅಂತ ಸಿಟ್ಟು ಬೇರೆ ನಿಮ್ಗೆ. ಮನುಷ್ಯನಿಗೆ ಮರೆ ಅನ್ನುದು ಬೇಡವಾ? ನಾಯಿಗೂ ಒಂದು ಮೂಲೆ ಬಿಡ್ತಾರಲ್ಲ ಮಾರಾಯ್ರೇ."

"ಅದೆಲ್ಲ ಇರ್ಲಿ" ಎಂದ ಬೆಳ್ಳಿಯಪ್ಪ. "ಊರಿನ ಹತ್ತು ಜನರನ್ನು ಬೈದದ್ದು ಸತ್ಯ. ತಪ್ಪಾಯ್ತು ಅಂತ ಇಲ್ಲೇ ಕೇಳ್ಬೇಕು."

"ಕೇಳ್ಬೇಕು" ಎಂದಳು ಸೋಮಿ. "ಕೇಳ್ಲೇಬೇಕು" ಎಂದವರು ಹಲವರು. ಬಾಗಿಲಿಗೆ ಹೋಗಿ ನಿಂತಿದ್ದ ಪ್ರೇಮಾವತಿ ನನ್ನನ್ನೇ ನೋಡುತ್ತಿದ್ದಳು. ನಾನು ಇಷ್ಟು ಕಾಲ ಜಗಳ ಬಿಡಿಸಿ ಬದುಕಿಸಿದ ಊರು, ಒಬ್ಬರಾದರೂ ಅವಳ ಮಾತಿಗೆ ಹೂಂ ಎನ್ನಲಿಲ್ಲ.

ಹೀಗೆ ನನ್ನ ಪಂಚಾಯಿತಿ ನಡೆಯುತ್ತಿರುವಾಗ ನಾಣಯ್ಯ ಮೆಲ್ಲನೆ ಎದ್ದು ಪ್ರಜ್ಞೇಶನ ಪಕ್ಕಕ್ಕೆ ಹೋದ. ಗುಟ್ಟಾಗಿಯೇ ಕೇಳಿದ, ಆದರೆ ಮಿಲಿಟರಿಯವರ ಗುಟ್ಟು ಹಿಂದಿನ ಸಾಲಿನವರೆಗೂ ಕೇಳುತ್ತದೆ.

"ತಮ್ಮಾ, ನನ್ನ ತೋಟದ ಡಬ್ಬ ಎಲ್ಲಿ ಕಟ್ಟಿದ್ದೀರಿ?"

"ಪಂಪ್‌ಹೌಸ್ ಪಕ್ಕ ಅಂಕಲ್."

"ಪಂಪ್‌ಹೌಸ್ ಒಳಗೆ ಮಾತಾಡಿದ್ರೆ ಕೇಳ್ತದಾ?"

"ಕ್ಲಿಯರಾಗಿ ಕೇಳುತ್ತೆ ಅಂಕಲ್, ಒಳ್ಳೆ ಮೈಕು."

ನಾಣಯ್ಯ ಮೀಸೆ ಮುಟ್ಟಿಕೊಂಡ. ಕೆಲಸ ಇದೆ ಎಂದು ಹೇಳಿ ಹೊರಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಆ ಭವನದಲ್ಲಿ ಅಂದು ಮುಟ್ಟಿಕೊಳ್ಳದ ಹೆಗಲು ಇರಲಿಲ್ಲ. "ನಮ್ಮ ಲೈನ್ ಮನೆಗಳ ಹಿಂದೆ ಇರುದೂ ಇದೇ ಡಬ್ಬವಾ?" ಎಂದಳು ಸೋಮಿ. ಹೌದೆಂದು ಕೇಳಿದವಳು ನನ್ನ ತಪ್ಪನ್ನು ಮರೆತು ಹೆಂಗಸರನ್ನು ಕರೆದುಕೊಂಡು ನಡೆದಳು. ಒಬ್ಬನಿಗೆ ದನ ಕರೆಯುವುದು ನೆನಪಾಯಿತು, ಇನ್ನೊಬ್ಬನಿಗೆ ಒಲೆಯ ಮೇಲಿಟ್ಟ ಹಂದಿಮಾಂಸ. ಭವನದ ಹಿಂದಿದ್ದ ಏಣಿಗೆ ಕಿತ್ತಾಟವೇ ಆಯಿತು. ಏಣಿ ಯಾರ ಕೈಗೂ ಸಿಗುವ ಮೊದಲು ಬೆಳ್ಳಿಯಪ್ಪನ ಜೀಪು ಹೋದ ಧೂಳು ಮಾತ್ರ ಕಾಣುತ್ತಿತ್ತು. ಅವನ ಡಬ್ಬ ಇದ್ದದ್ದು ಸ್ವಂತ ಮನೆಯ ಹಿಂದಿನ ಬೆಣ್ಣೆಹಣ್ಣಿನ ಮರದಲ್ಲಿ.

ಯಾರ ಡಬ್ಬ ಏನು ಕೇಳಿತ್ತು ಎಂದು ನಾನು ವಿಚಾರಿಸಲಿಲ್ಲ. ಕತ್ತಲಾಗುವುದರೊಳಗೆ ನಮ್ಮೂರಿನ ಮರಗಳಲ್ಲಿ ಒಂದು ಕಿವಿಯೂ ಉಳಿದಿರಲಿಲ್ಲ. ನನ್ನದನ್ನು ನಾನೇ ಹತ್ತಿ ಬಿಚ್ಚಿದೆ, ಏಣಿ ಹಿಡಿದವಳು ಪ್ರೇಮಾವತಿ. ನನ್ನ ಗಂಟಲನ್ನು ಮೇಲೆ ಮೋಡದಲ್ಲಿಟ್ಟಿದ್ದಾರಂತಲ್ಲ, ಅಲ್ಲಿಗೆ ಹಾಕುವ ಏಣಿ ಮಾತ್ರ ಈವರೆಗೆ ಸಿಕ್ಕಿಲ್ಲ. ಅಳಿಸಿ ಎಂದು ಕಂಪನಿಗೆ ಫೋನು ಮಾಡಿದರೆ, ಆನೆ ಬಂತೆಂದು ಎಚ್ಚರಿಸುತ್ತಿದ್ದ ಅದೇ ಹೆಂಗಸು ಅದೇ ಧಾಟಿಯಲ್ಲಿ, ನಿಮ್ಮ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ ಎನ್ನುತ್ತಾಳೆ.

ಮರುದಿನ ಸಂಜೆ ಮರದ ಬುಡಕ್ಕೆ ಹೋದೆ. ಬೈಯುವುದಕ್ಕೆ ಜನಕ್ಕೇನು ಬರವಿರಲಿಲ್ಲ. ಗಂಟಲು ಸರಿಮಾಡಿಕೊಂಡೆ. ತಲೆ ತನ್ನಷ್ಟಕ್ಕೇ ಮೇಲಕ್ಕೆ ಎದ್ದಿತು. ಡಬ್ಬ ಇದ್ದಲ್ಲಿ ಮೊಳೆಯ ಗಾಯದಿಂದ ಹಾಲು ಸೋರಿ ಅಂಟಾಗಿತ್ತು, ಬೇರೇನೂ ಇರಲಿಲ್ಲ. ಆದರೂ "ಬೆಳ್ಳಿಯಪ್ಪ" ಎಂದದ್ದು ಪಿಸುಮಾತಾಗಿ ಬಂತು. ಆ ಕಡೆ ಈ ಕಡೆ ನೋಡಿದೆ. ಸಿಲ್ವರ್ ಮರ ನೋಡಿದೆ, ಮೆಣಸಿನ ಬಳ್ಳಿಯೊಳಗೆ ಕೈಹಾಕಿ ನೋಡಿದೆ. ಹೊಟ್ಟೆ ಕಲ್ಲಾಗಿತ್ತು, ಬಾಯಿ ಬಿಡುತ್ತಿರಲಿಲ್ಲ. ಕಳ್ಳರು ನನ್ನ ಬೈಗುಳ ಕದ್ದದ್ದಲ್ಲ, ಬಾಯನ್ನೇ ಕದ್ದು ಹೋಗಿದ್ದರು. ನನ್ನ ನೆಲದ ಮೇಲೆ ನಿಂತು ನಾನೇ ಕಳ್ಳನಂತೆ ಬೆವರುತ್ತಿದ್ದೆ.

ಆಗ ಮೇಲೆ ಮನೆಯಲ್ಲಿ ಮಿಕ್ಸಿ ಶುರುವಾಯಿತು. ಹೈ ಸ್ಪೀಡಿನಲ್ಲಿ, ಗುಡ್ಡವೆಲ್ಲ ಅದುರುವ ಹಾಗೆ. ಚಟ್ನಿಯ ಹೊತ್ತಲ್ಲ, ಅದು ನಿಲ್ಲಲೂ ಇಲ್ಲ. ಒಳಗೆ ಏನೂ ಇಲ್ಲದ ಜಾರಿನ ಸದ್ದು ನನಗೆ ಗೊತ್ತಿಲ್ಲವೇ. ಪ್ರೇಮಾವತಿ ಖಾಲಿ ಮಿಕ್ಸಿ ತಿರುಗಿಸುತ್ತಿದ್ದಳು.

ಆ ಸದ್ದಿನಡಿ ನನ್ನ ಮಾತು ಯಾರ ಕಿವಿಗೂ ಬೀಳುವ ಹಾಗಿರಲಿಲ್ಲ, ಅವಳ ಕಿವಿಗೂ. ನಾನು ಬಾಯಿ ಬಿಟ್ಟೆ. ಕಂಪನಿಯಿಂದ ಶುರುಮಾಡಿ, ಅದರ ಸರ್ವರನ್ನು, ಮೋಡವನ್ನು, ಪ್ರಜ್ಞೇಶನನ್ನು, ಬೆಳ್ಳಿಯಪ್ಪನನ್ನು, ಕೇಳ್ಲೇಬೇಕು ಎಂದ ಒಬ್ಬೊಬ್ಬರನ್ನು, ಬೇಜಾರಾಗದಿರಲೆಂದು ನಾಣಯ್ಯನನ್ನೂ, ಗಂಟಲು ಹರಿಯುವ ಹಾಗೆ ಬೈದೆ. ಕೊನೆಗೆ, ಖಾಲಿ ಜಾರು ತಿರುಗಿಸಿ ಮೋಟಾರು ಸುಡುತ್ತಾಳೆಂದು ಪ್ರೇಮಾವತಿಯನ್ನು ಬೈದೆ.